ಓದುಗರ ಪ್ರಶ್ನೆಗಳು: ಗಾಳಕ್ಕೆ ಎರೆಹುಳು ಹುಡುಕುವ ಬಗೆ

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಎರೆಹುಳು ಸಿಗುತ್ತದೆ. ಆದರೆ ಹೊಳೆಯಲ್ಲಿ ನೀರಿಳಿದು ಗಾಳ ಹಾಕಲು ಅನುಕೂಲವಾಗುವ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮೊಣಕಾಲುದ್ದ ಅಗೆದರೂ ಒಂದೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಅವನ್ನು ಎಲ್ಲಿ ಹುಡುಕಬೇಕು?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಎರೆಹುಳುವಿಗೆ ಶ್ವಾಸಕೋಶವಿಲ್ಲ. ಅದು ಚರ್ಮದ ಮೂಲಕವೇ ಉಸಿರಾಡುತ್ತದೆ, ಆ ಚರ್ಮ ಸದಾ ಒದ್ದೆಯಾಗಿದ್ದರೆ ಮಾತ್ರ ಬದುಕುತ್ತದೆ. ಹಾಗಾಗಿ ಮೇಲ್ಮಣ್ಣು ಒಣಗತೊಡಗಿದಂತೆ ಹಲವು ಜಾತಿಯ ಹುಳುಗಳು ತೇವವನ್ನು ಅರಸಿ ಆಳಕ್ಕೆ ಇಳಿದು, ಅಲ್ಲಿ ಲೋಳೆ ಸವರಿದ ಪುಟ್ಟ ಗೂಡಿನೊಳಗೆ ಸುರುಳಿ ಸುತ್ತಿಕೊಂಡು ಮುಂದಿನ ಮಳೆಯವರೆಗೆ ಅಲುಗಾಡದೆ ಉಳಿಯುತ್ತವೆ. ಅವುಗಳನ್ನು ಬೆನ್ನಟ್ಟಿ ಅಗೆಯುವುದು ವ್ಯರ್ಥ ಶ್ರಮ; ಮೇಲಾಗಿ ಅಡಿಕೆಯ ಬೇರುಗಳಿಗೂ ಪೆಟ್ಟಾಗುತ್ತದೆ. ಬೇಸಿಗೆಯಲ್ಲಿ ಹುಡುಕಬೇಕಾದದ್ದು ಹುಳುವನ್ನಲ್ಲ, ತೇವ, ನೆರಳು ಮತ್ತು ಕೊಳೆತ ಆಹಾರ ಮೂರೂ ಒಟ್ಟಿಗೆ ಇರುವ ಜಾಗವನ್ನು.

ಅಂತಹ ಜಾಗ ಹಳ್ಳಿಯ ಪ್ರತಿ ಮನೆಯ ಹಿತ್ತಲಿನಲ್ಲೂ ಇರುತ್ತದೆ. ಬಚ್ಚಲ ನೀರು ಹರಿದು ಹೋಗುವ ಬಾಳೆ ಅಥವಾ ಕೆಸುವಿನ ಬುಡ ಮೊದಲನೆಯದು. ಆದರೆ ಸೋಪಿನ ನೀರು ನೇರವಾಗಿ ಬೀಳುವ ಕಡೆ ಬಿಟ್ಟು, ಒಂದೆರಡು ಮಾರು ಆಚೆ, ನೀರು ಮಣ್ಣಿನಲ್ಲಿ ಇಂಗುವ ಅಂಚಿನಲ್ಲಿ ನೋಡಬೇಕು. ಎರಡನೆಯದು ಹಳೆಯ ಗೊಬ್ಬರದ ಗುಂಡಿ. ಅದರ ನಡುಭಾಗದಲ್ಲಿ ಬಿಸಿಯಿರುವುದರಿಂದ ಹುಳುಗಳು ಅಲ್ಲಿ ನಿಲ್ಲುವುದಿಲ್ಲ. ಸಗಣಿ ಕಳಿತು ಕಪ್ಪಾಗಿ ಮಣ್ಣಿನೊಂದಿಗೆ ಬೆರೆತಿರುವ ಅಂಚನ್ನು ಕೆದಕಬೇಕು. ದನಗಳಿಗೆ ಕಲಗಚ್ಚು ಇಡುವ ಬಾನಿಯ ಅಡಿ, ಬಹುಕಾಲದಿಂದ ಕದಲದ ಕಲ್ಲು ಮತ್ತು ದಿಮ್ಮಿಗಳ ಅಡಿಯೂ ಒಳ್ಳೆಯ ತಾಣಗಳೇ. ಇವನ್ನು ಎತ್ತುವಾಗ ನಿಮ್ಮ ಕಡೆಯಿಂದ ಮೇಲಕ್ಕೆತ್ತದೆ ಆಚೆಯ ಅಂಚನ್ನು ಎತ್ತಿ. ಚೇಳೋ ಹಾವೋ ಇದ್ದರೆ ಅದು ನಿಮ್ಮಿಂದ ದೂರಕ್ಕೆ ಹೋಗಲು ದಾರಿಯಿರುತ್ತದೆ.

ಅಗೆಯುವ ಮುನ್ನ ನೆಲವನ್ನು ಬಗ್ಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎರೆಹುಳು ತಿಂದ ಮಣ್ಣನ್ನು ಸಣ್ಣ ಸಣ್ಣ ಉಂಡೆಗಳ ಗುಪ್ಪೆಯಾಗಿ ಬಿಲದ ಬಾಯಲ್ಲಿ ಹೊರಹಾಕುತ್ತದೆ. ಗುಪ್ಪೆಯನ್ನು ಬೆರಳಿನಿಂದ ಒತ್ತಿದಾಗ ಮೆತ್ತಗೆ ಅಂಟಿಕೊಂಡರೆ ಹುಳು ಅಲ್ಲೇ ಕೆಳಗಿದೆ. ಒಣಗಿ ಪುಡಿಯಾದರೆ ಅದು ಜಾಗ ಬಿಟ್ಟು ಬಹಳ ದಿನವಾಗಿದೆ.

ಕೊಳೆರೋಗಕ್ಕೆಂದು ವರ್ಷ ವರ್ಷವೂ ಬೋರ್ಡೋ ದ್ರಾವಣ ಸಿಂಪಡಿಸುವ ತೋಟಗಳಲ್ಲಿ ಇನ್ನೊಂದು ಸಂಗತಿಯಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೆರೆಸುವ ಈ ದ್ರಾವಣದ ತಾಮ್ರವು ಮಳೆಯೊಂದಿಗೆ ಕೆಳಗಿಳಿದು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ತಾಮ್ರ ಹೆಚ್ಚಿದ ಮಣ್ಣಿನಲ್ಲಿ ಎರೆಹುಳು ಕಡಿಮೆಯಾಗುತ್ತದೆ. ಆದ್ದರಿಂದ ತೋಟದ ನಡುವೆ ಹುಡುಕುವುದಕ್ಕಿಂತ ಮನೆಯ ಹಿತ್ತಲೇ ಮೇಲು.

ನನ್ನನ್ನು ಕೇಳಿದರೆ, ಅಗೆಯುವುದಕ್ಕಿಂತ ಹುಳುಗಳೇ ಬರುವಂತೆ ಮಾಡುವುದು ಉತ್ತಮ. ಗೊನೆ ಕಡಿದ ಬಾಳೆಯ ದಿಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮುಖ ನೆಲಕ್ಕೆ ತಾಗುವಂತೆ ನೆರಳಿನಲ್ಲಿ ಮಲಗಿಸಿ, ಅಡಿಗೆ ಹಳೆಯ ಸಗಣಿ ಹರಡಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರೆ ದಿಂಡು ಕೊಳೆಯತೊಡಗಿದ ಮೇಲೆ ಅದರ ಪದರಗಳ ನಡುವೆಯೇ ಹುಳುಗಳು ಸೇರಿಕೊಳ್ಳುತ್ತವೆ. ಮುಂಜಾನೆ ತಂಪಿನಲ್ಲಿ ಗೋಣಿ ಎತ್ತಿ, ಆ ದಿನಕ್ಕೆ ಬೇಕಾದಷ್ಟನ್ನೇ ಆರಿಸಿಕೊಂಡು ಮತ್ತೆ ಮುಚ್ಚಿದರೆ, ಅದೇ ಜಾಗ ಬೇಸಿಗೆಯುದ್ದಕ್ಕೂ ನಿಮ್ಮ ಕೈಬಿಡುವುದಿಲ್ಲ.

ಪ್ರಶ್ನೆ: ಹಾರೆಯನ್ನು ನೆಲಕ್ಕೆ ನೆಟ್ಟು ಅಲುಗಾಡಿಸಿದರೆ ಎರೆಹುಳುಗಳು ತಾವಾಗಿ ಮೇಲೆ ಬರುತ್ತವೆ ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ಸೋಪಿನ ನೀರು ಸುರಿಯುವುದು, ಕರೆಂಟು ಹಾಯಿಸುವುದು ಇನ್ನೂ ಸುಲಭವೆಂದು ಕೆಲವರು ಹೇಳುತ್ತಾರಲ್ಲ?
– ಸಕಲೇಶಪುರದ ಓದುಗರು

ಉತ್ತರ: ಹಿರಿಯರ ಮಾತಿನಲ್ಲಿ ಹುರುಳಿದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸೊಪ್ಚಾಪಿ ಎಂಬ ಊರಿನ ಸುತ್ತಮುತ್ತ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಮರದ ಗೂಟವನ್ನು ಕಾಡಿನ ನೆಲಕ್ಕೆ ಹೊಡೆದು, ಅದರ ತಲೆಯ ಮೇಲೆ ಕಬ್ಬಿಣದ ಪಟ್ಟಿಯನ್ನು ಉಜ್ಜಿ ನೆಲ ನಡುಗಿಸುತ್ತಾರೆ. ಆಗ ಮೇಲೆದ್ದು ಬರುವ ಹುಳುಗಳನ್ನು ಆಯ್ದು ಗಾಳ ಹಾಕುವವರಿಗೆ ಮಾರುತ್ತಾರೆ. ಕೆನೆತ್ ಕಟಾನಿಯಾ ಎಂಬ ವಿಜ್ಞಾನಿ 2008ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಅಲ್ಲಿ ನೆಲದೊಳಗೆ ಸುರಂಗ ತೋಡಿ ಎರೆಹುಳು ತಿನ್ನುವ ಮೋಲ್ ಎಂಬ ಸಣ್ಣ ಪ್ರಾಣಿಯಿದೆ. ಅದು ಮಣ್ಣು ಸೀಳಿಕೊಂಡು ಬರುವಾಗಿನ ಕಂಪನವೂ ಗೂಟದ ಕಂಪನವೂ ಒಂದೇ ಬಗೆಯವು. ಶತ್ರು ಬಂತೆಂದು ಹುಳುಗಳು ಮೇಲಕ್ಕೆ ಓಡುತ್ತವೆ. ಆ ಪ್ರಾಣಿ ನಮ್ಮ ಮಲೆನಾಡಿನಲ್ಲಿಲ್ಲ, ಎಲ್ಲ ಜಾತಿಯ ಎರೆಹುಳುಗಳೂ ಕಂಪನಕ್ಕೆ ಒಂದೇ ರೀತಿ ಓಗೊಡುವುದೂ ಇಲ್ಲ. ಹಾಗಾಗಿ ಫ್ಲಾರಿಡಾದಷ್ಟು ಫಲವನ್ನು ನಿರೀಕ್ಷಿಸದೆ, ಮಳೆ ಬಿಟ್ಟ ಮರುದಿನ, ನೆರಳಿನ ಒದ್ದೆ ನೆಲದಲ್ಲಿ ಪ್ರಯತ್ನಿಸಿ. ಒಣ ನೆಲದಲ್ಲಿ ಹಾರೆ ಅಲುಗಾಡಿಸಿ ಪ್ರಯೋಜನವಿಲ್ಲ.

ಕರೆಂಟಿನ ವಿಚಾರವನ್ನು ಮಾತ್ರ ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಒದ್ದೆ ನೆಲಕ್ಕೆ ಮನೆಯ ವಿದ್ಯುತ್ ಹಾಯಿಸಿ, ಅದೇ ನೆಲದ ಮೇಲೆ ನಿಂತು ಹುಳು ಹೆಕ್ಕುವುದೆಂದರೆ ಸಾವನ್ನು ಕೈಬೀಸಿ ಕರೆದಂತೆ. ಹತ್ತಿರದಲ್ಲಿರುವ ಮಕ್ಕಳ ಮತ್ತು ದನಕರುಗಳ ಪ್ರಾಣಕ್ಕೂ ಅಪಾಯ. ಸೋಪಿನ ನೀರಿನಿಂದ ಹುಳು ಮೇಲೆ ಬರುವುದು ನಿಜ, ಆದರೆ ಅದು ಚರ್ಮ ಉರಿದು ಬರುತ್ತದೆ, ಬೇಗ ಸಾಯುತ್ತದೆ, ಮಣ್ಣಿನ ಇತರ ಜೀವಿಗಳಿಗೂ ಹಾನಿಯಾಗುತ್ತದೆ. ಸತ್ತು ಜೋತುಬಿದ್ದ ಹುಳುವಿಗಿಂತ ಮಿಸುಕಾಡುವ ಒಂದೇ ಹುಳು ಗಾಳಕ್ಕೆ ಹೆಚ್ಚು ಬೆಲೆಯುಳ್ಳದ್ದು.

ಮಳೆಗಾಲದ ರಾತ್ರಿ ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿಕೊಂಡು ಹೋಗುವುದು ಇವೆಲ್ಲಕ್ಕಿಂತ ಸರಳ ಉಪಾಯ. ಎರೆಹುಳುವಿಗೆ ಕಣ್ಣಿಲ್ಲದಿದ್ದರೂ ಚರ್ಮಕ್ಕೆ ಬೆಳಕು ತಿಳಿಯುತ್ತದೆ. ಕೆಂಪು ಬೆಳಕು ಮಾತ್ರ ಅದನ್ನು ಅಷ್ಟಾಗಿ ಬೆದರಿಸುವುದಿಲ್ಲ. ಅರ್ಧ ಮೈ ಬಿಲದೊಳಗಿರುವ ಹುಳುವನ್ನು ಹಿಡಿದೊಡನೆ ಎಳೆಯಬೇಡಿ. ಮೈಮೇಲಿನ ಸೂಕ್ಷ್ಮ ಮುಳ್ಳುಗೂದಲುಗಳಿಂದ ಅದು ಬಿಲದ ಗೋಡೆಯನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಜಗ್ಗಿದರೆ ತುಂಡಾಗುತ್ತದೆ. ಹಿಡಿದ ಬೆರಳನ್ನು ಸಡಿಲಿಸದೆ, ಎಳೆಯದೆ, ಸ್ವಲ್ಪ ಹೊತ್ತು ಕಾಯಿರಿ. ಅದರ ಬಿಗಿ ಸಡಿಲವಾದದ್ದು ಬೆರಳಿಗೆ ಗೊತ್ತಾಗುತ್ತದೆ, ಆಗ ಮೆಲ್ಲನೆ ತೆಗೆದರೆ ಇಡಿಯಾಗಿ ಬರುತ್ತದೆ.

ಪ್ರಶ್ನೆ: ಎರೆಗೊಬ್ಬರದ ತೊಟ್ಟಿಯ ಹುಳುಗಳನ್ನು ಗಾಳಕ್ಕೆ ಬಳಸಬಹುದೇ? ಹಿಡಿದ ಹುಳುಗಳನ್ನು ಕೆಲವು ದಿನ ಉಳಿಸಿಕೊಳ್ಳುವುದು ಹೇಗೆ?
– ಬೆಂಗಳೂರಿನ ಓದುಗರು

ಉತ್ತರ: ಬಳಸಬಹುದು. ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಆಫ್ರಿಕಾ ಮೂಲದ ಯುಡ್ರಿಲಸ್ ದಪ್ಪಗೆ, ಉದ್ದವಾಗಿ ಬೆಳೆಯುವುದರಿಂದ ಮುರುಗೋಡು, ಕೊರವದಂತಹ ಮೀನುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಕೆಂಪು ಪಟ್ಟೆಗಳಿರುವ ಐಸೀನಿಯಾ ಹುಳುವನ್ನು ಒರಟಾಗಿ ಹಿಡಿದರೆ ನಾತ ಬರುವ ಹಳದಿ ದ್ರವ ಬಿಡುತ್ತದೆ, ಆದ್ದರಿಂದ ನಾನು ಅದನ್ನು ಎರಡನೆಯ ಆಯ್ಕೆಯಾಗಿಯೇ ಇಟ್ಟುಕೊಳ್ಳುತ್ತೇನೆ.

ಉಳಿಸಿಕೊಳ್ಳಲು ಮಣ್ಣಿನ ಮಡಕೆಯೇ ಸಾಕು. ಒದ್ದೆ ಮಣ್ಣು ಮತ್ತು ಕಳಿತ ಎಲೆಗಳನ್ನು ತುಂಬಿ, ಬಾಯಿಗೆ ಒದ್ದೆ ಗೋಣಿ ಕಟ್ಟಿ, ತಣ್ಣಗಿರುವ ಕಡೆ ಇಡಿ. ಹಸಿ ಸಗಣಿ ಹಾಕಬೇಡಿ, ಅದು ಬಿಸಿಯಾಗಿ ಹುಳುಗಳನ್ನು ಕೊಲ್ಲುತ್ತದೆ. ದಿನವೂ ನೋಡಿ, ಸತ್ತದ್ದನ್ನು ಕೂಡಲೇ ತೆಗೆಯಿರಿ, ಏಕೆಂದರೆ ಒಂದು ಕೊಳೆತರೆ ಉಳಿದವೂ ಬೇಗ ಹೋಗುತ್ತವೆ. ಗಾಳಕ್ಕೆ ಹೋಗುವ ಹಿಂದಿನ ದಿನ ಅವನ್ನು ಒದ್ದೆ ಪಾಚಿಯಲ್ಲಿ ಇಟ್ಟರೆ ಹೊಟ್ಟೆಯ ಮಣ್ಣು ಖಾಲಿಯಾಗಿ ಮೈ ಗಟ್ಟಿಯಾಗುತ್ತದೆ, ಗಾಳಕ್ಕೆ ಪೋಣಿಸಿದಾಗ ಬೇಗ ಹರಿಯುವುದಿಲ್ಲ. ಎರಡು ಮೂರು ಕಡೆ ಚುಚ್ಚಿ ತುದಿಯನ್ನು ಆಡಲು ಬಿಡಿ. ಶೃಂಗೇರಿ, ಶಿಶಿಲಗಳಂತಹ ಮತ್ಸ್ಯಧಾಮಗಳಲ್ಲಿ ಗಾಳ ಹಾಕುವಂತಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ಇಲ್ಲಿ ಸರೋವರದಲ್ಲಿ ಮೀನು ಹಿಡಿದ ಮೇಲೆ ಉಳಿದ ಎರೆಹುಳುಗಳನ್ನು ದಂಡೆಯ ಮಣ್ಣಿಗೇ ಬಿಡುತ್ತಿದ್ದೆ. ಜೊತೆಗಾರರೊಬ್ಬರು ಬೇಡವೆಂದು ತಡೆದರು. ಮಣ್ಣಿಗೆ ಒಳ್ಳೆಯದೇ ಅಲ್ಲವೇ?
– ಅಮೆರಿಕದ ಮಿನೆಸೋಟಾದಲ್ಲಿರುವ ಓದುಗರು

ಉತ್ತರ: ನಿಮ್ಮ ಜೊತೆಗಾರರು ಸರಿಯಾಗಿಯೇ ಹೇಳಿದ್ದಾರೆ. ಹಿಮಯುಗದ ನಂತರ ಮಿನೆಸೋಟಾದ ಕಾಡುಗಳು ಎರೆಹುಳುಗಳಿಲ್ಲದೆಯೇ ಬೆಳೆದವು. ಅಲ್ಲಿನ ನೆಲದಲ್ಲಿ ಈಗ ಸಿಗುವ ಎರೆಹುಳುಗಳೆಲ್ಲ ಹೊರಗಿನಿಂದ ಬಂದವು, ಗಾಳದವರು ಸುರಿದು ಹೋದವೂ ಅವುಗಳಲ್ಲಿ ಸೇರಿವೆ. ಕಾಡಿನ ನೆಲದ ಮೇಲಿನ ದಪ್ಪ ತರಗೆಲೆಯ ಹೊದಿಕೆಯನ್ನು ಅವು ತಿಂದು ಮುಗಿಸುವುದರಿಂದ, ಅದರಲ್ಲೇ ಮೊಳೆತು ಬೆಳೆಯಬೇಕಾದ ಸಸಿಗಳಿಗೆ ನೆಲೆಯಿಲ್ಲವಾಗುತ್ತದೆ. ಉಳಿದ ಹುಳುಗಳನ್ನು ಮನೆಯ ಕಸದ ಡಬ್ಬಿಗೆ ಹಾಕುವಂತೆ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ಕೇಳಿಕೊಂಡಿದೆ. ನೀವೂ ಹಾಗೆಯೇ ಮಾಡಿ.