ಮಗಳು ಚಿಕ್ಕವಳು, ಬ್ಯಾಂಕಲ್ಲಿ ಪ್ರಮೋಷನ್ ಈ ಸಲ ಬೇಡ ಅನ್ನಲೇ?

ಮಗಳಿಗೆ ನಾಲ್ಕು ವರ್ಷ, ಸ್ಕೇಲ್ 3, ಅಂದರೆ ಅಧಿಕಾರಿಗಳ ಮೂರನೇ ದರ್ಜೆ, ಆದರೆ ಹಳ್ಳಿ ಬ್ರಾಂಚಿಗೆ ಮ್ಯಾನೇಜರ್ ಮಾಡಿ ಹಾಕುತ್ತಾರೆ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಬಿಟ್ಟಿದ್ದೆ.

ನಾನೂ ಸರ್ಕಾರಿ ಬ್ಯಾಂಕಿನವಳೇ. ಸ್ಕೇಲ್ 2ರಲ್ಲಿದ್ದಾಗ ಕುಂದಗೋಳದ ಕಡೆ ಒಂದು ಬ್ರಾಂಚ್ ನೋಡಿಕೊಳ್ಳಿ ಎಂದರು. ಮನೆ ಹುಬ್ಬಳ್ಳಿಯಲ್ಲಿ. ಬಸ್ಸಲ್ಲಿ ಹೆಚ್ಚೆಂದರೆ ಒಂದು ತಾಸು. ಮಗನಿಗೆ ಆಗ ಮೂರು ವರ್ಷ. ಅವತ್ತೇ ಮಧ್ಯಾಹ್ನ ಒಂದು ಬಿಳಿ ಹಾಳೆ ತೆಗೆದುಕೊಂಡು, ಮನೆಯ ಪರಿಸ್ಥಿತಿಯಿಂದ ಬ್ರಾಂಚ್ ಆಗುವುದಿಲ್ಲ, ರೀಜನಲ್ ಆಫೀಸಿನಲ್ಲೇ ಇರಿಸಿ ಅಂತ ಬರೆದುಕೊಟ್ಟೆ. ತಪ್ಪಾಗಿದ್ದು ಇಲ್ಲೇ. ಯಾರೂ ಒತ್ತಾಯ ಮಾಡಿರಲಿಲ್ಲ. ಗಂಡನನ್ನು ಕೇಳಲಿಲ್ಲ, ಅತ್ತೆಯನ್ನೂ ಕೇಳಲಿಲ್ಲ. ಬೇಡ ಅಂತಾರೆ ಅಂತ ನಾನೇ ಅಂದುಕೊಂಡು ಅವರಿಗಿಂತ ಮೊದಲು ನಾನೇ ಬೇಡ ಅಂದೆ. ಎಷ್ಟು ದಿನಕ್ಕೆ ಅಂತಲೂ ಬರೆಯಲಿಲ್ಲ. ಒಂದು ವರ್ಷ ಟೈಮ್ ಕೊಡಿ ಅಂದಿದ್ದರೆ ಮಾತೇ ಬೇರೆ. ಆ ಹಾಳೆ ಫೈಲ್ ಸೇರಿತು. ಆಮೇಲೆ ಬಂದ ಸಾಹೇಬರೆಲ್ಲ ‘ಮೇಡಂಗೆ ಬ್ರಾಂಚ್ ಕಷ್ಟ’ ಅಂತ ಒಳ್ಳೆಯ ಮನಸ್ಸಿನಿಂದಲೇ ನನ್ನನ್ನು ಬಿಟ್ಟು ಬೇರೆಯವರನ್ನು ಕರೆದರು, ಮಗ ಹೈಸ್ಕೂಲಿಗೆ ಹೋದ ಮೇಲೂ. ‘ಕೇಳಿದ್ದರೆ ಬೆಳಿಗ್ಗೆ ಅವನನ್ನು ನಾನೇ ರೆಡಿ ಮಾಡುತ್ತಿದ್ದೆನಲ್ಲ’ ಅಂತ ನಮ್ಮವರು ಎಂಟು ವರ್ಷದ ಮೇಲೆ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಸ್ಕೇಲ್ 3 ಹೇಗೋ ಆಯಿತು. ಸ್ಕೇಲ್ 4ರ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ, ಬ್ರಾಂಚ್ ನಡೆಸಿದ್ದೀರಾ? ಬೆಳೆಸಾಲ, ವಸೂಲಿ, ಎನ್‌ಪಿಎ (ಕಟ್ಟದೆ ಬಾಕಿ ಉಳಿದ ಸಾಲ) ಎಲ್ಲ ನಾನು ಕಾಗದದಲ್ಲಿ ನೋಡಿದ್ದು. ನನ್ನ ಜೊತೆ ಸೇರಿದ ಗಂಡಸರು ಅದನ್ನೇ ರೈತರ ಮನೆ ಜಗಲಿ ಮೇಲೆ ಕೂತು ಕಲಿತಿದ್ದರು. ಮೂರು ಸಲ ಹೋದೆ, ಆಗಲಿಲ್ಲ.

ಅದಕ್ಕೇ ಮಗಳೋ ಪ್ರಮೋಷನ್ನೋ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಮಗಳಿಗೆ ಅಪ್ಪನೂ ಇದ್ದಾರೆ ಅಲ್ವಾ? ಅರುಂಧತಿ ಭಟ್ಟಾಚಾರ್ಯ ಅವರಿಗೂ ಮಗಳಿದ್ದಾಳೆ. 1977ರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸೇರಿ, ನ್ಯೂಯಾರ್ಕ್ ತನಕ ವರ್ಗ ಆಗಿ, 2013ರಲ್ಲಿ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆ ಆದರು.

ಇನ್ನೊಂದು. ಮದುವೆಯಾದ ಹೆಂಗಸರನ್ನು ಆದಷ್ಟು ಗಂಡ ಇರುವ ಊರಲ್ಲಿ, ಇಲ್ಲವೇ ಅದರ ಹತ್ತಿರ ಹಾಕಿ ಅಂತ 2014ರಲ್ಲೇ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೆ ಹೇಳಿದೆ. ಅದನ್ನು ಬ್ರಾಂಚ್ ತಪ್ಪಿಸಿಕೊಳ್ಳಲು ಬಳಸಬೇಡಿ, ಹತ್ತಿರದ ಬ್ರಾಂಚ್ ಕೇಳಲು ಬಳಸಿ. ಇವತ್ತು ರಾತ್ರಿ ಗಂಡನ ಜೊತೆ ಕೂತು ಮಗಳನ್ನು ಸ್ಕೂಲಿಂದ ಯಾರು ಕರೆತರುವುದು ಅಂತ ಮಾತಾಡಿ. ನಾಳೆ, ದಿನಾ ಓಡಾಡುವಷ್ಟು ದೂರದಲ್ಲಿ ಯಾವ ಬ್ರಾಂಚ್ ಖಾಲಿ ಇದೆ ವಿಚಾರಿಸಿ. ಬರೆದುಕೊಡುವುದೇ ಆದರೆ ಆ ಬ್ರಾಂಚಿನ ಹೆಸರು ಬರೆದುಕೊಡಿ.