ಕಾಂಬೋ ಆಫರ್ ಬಿಡಿ, ಲೆನ್ಸ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆನ್‌ಲೈನ್‌ನಲ್ಲಿ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳುವ ಬಗ್ಗೆಯೇ ಇವೆ. ಹುಬ್ಬಳ್ಳಿಯಲ್ಲಿ ಸ್ಟುಡಿಯೊ ನಡೆಸುವ ನನಗೆ ಕೌಂಟರಿನಲ್ಲೂ ದಿನಾ ಇದೇ ಪ್ರಶ್ನೆ. ಅದಕ್ಕೇ ಇಡೀ ಪುಟ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಮಾಗಡಿ ಕೆರೆ ನಮ್ಮೂರಿಗೆ ಹತ್ತಿರ. ಚಳಿಗಾಲಕ್ಕೆ ಬರುವ ಹೆಬ್ಬಾತುಗಳ ಫೋಟೊ ತೆಗೆಯಬೇಕೆಂದು ಬಹಳ ಆಸೆ. ಕೈಯಲ್ಲಿ 45 ಸಾವಿರ ಇದೆ. ಆನ್‌ಲೈನ್‌ನಲ್ಲಿ ಒಂದು ಕಾಂಬೋ ನೋಡಿದೆ. ನಿಕಾನ್ ಬಾಡಿ, 18-55 ಮತ್ತು 70-300 ಲೆನ್ಸ್, ಬ್ಯಾಗು, ಟ್ರೈಪಾಡ್, ಕಾರ್ಡು, ಫಿಲ್ಟರ್ ಎಲ್ಲಾ ಸೇರಿ ಒಂದೇ ರೇಟು. ತಗೊಳ್ಳಲಾ? ಡಿಎಸ್‌ಎಲ್‌ಆರ್ ಕಾಲ ಮುಗೀತು, ಕನ್ನಡಿ ಇಲ್ಲದ ಮಿರರ್‌ಲೆಸ್ ತಗೋ ಅಂತ ಗೆಳೆಯರು ಹೇಳುತ್ತಾರೆ. — ಒಬ್ಬ ವಿದ್ಯಾರ್ಥಿ, ಲಕ್ಷ್ಮೇಶ್ವರ

ಉತ್ತರ: ತಮ್ಮಾ, ಮೊದಲು ಗೆಳೆಯರ ಮಾತಿಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ನಿಕಾನ್ ಕೊನೆಯದಾಗಿ ತಂದ ಡಿಎಸ್‌ಎಲ್‌ಆರ್ ಡಿ6, ಅದು 2020ರಲ್ಲಿ. ಕ್ಯಾನನ್ ಕೂಡ ಅದೇ ವರ್ಷದ ನಂತರ ಹೊಸ ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. ಆದರೆ ನಿನ್ನಂಥವರಿಗೆ ಇದರಿಂದ ಲಾಭವೇ ಆಗಿದೆ. ದೊಡ್ಡ ಫೋಟೊಗ್ರಾಫರುಗಳು ಮಿರರ್‌ಲೆಸ್‌ಗೆ ಹೋಗುವಾಗ ತಮ್ಮ ಒಳ್ಳೊಳ್ಳೆ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ), ಲೆನ್ಸ್ ಎಲ್ಲಾ ಮಾರುತ್ತಿದ್ದಾರೆ. ಮಿರರ್‌ಲೆಸ್‌ನಲ್ಲಿ ಹಕ್ಕಿಗೆ ಸಾಲುವಷ್ಟು ಉದ್ದದ ಲೆನ್ಸ್ ಸೇರಿಸಿದರೆ 45 ಸಾವಿರ ಎಲ್ಲಿಗೂ ಸಾಲುವುದಿಲ್ಲ. ನಿನ್ನ ರೊಕ್ಕಕ್ಕೆ ಡಿಎಸ್‌ಎಲ್‌ಆರ್ರೇ ಸರಿ.

ಆದರೆ ಆ ಕಾಂಬೋ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಲೆನ್ಸಿನ 18-55, 70-300 ಅನ್ನುವ ಅಂಕಿ ಎಂಎಂ ಲೆಕ್ಕದ್ದು, ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ನಿಕಾನ್ ಎಎಫ್-ಪಿ 70-300 ಡಿಎಕ್ಸ್ ಲೆನ್ಸ್ ಎರಡು ಬಗೆಯಲ್ಲಿ ಬರುತ್ತದೆ. ಒಂದರಲ್ಲಿ ವಿಆರ್ ಇದೆ, ಅಂದರೆ ಕೈ ನಡುಗಿದರೂ ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ. ಇನ್ನೊಂದರಲ್ಲಿ ಇಲ್ಲ. ನೋಡಲು ಎರಡೂ ಒಂದೇ ಥರ, ಹೆಸರಿನ ಕೊನೆಯಲ್ಲಿ ಎರಡು ಅಕ್ಷರ ಮಾತ್ರ ವ್ಯತ್ಯಾಸ. ಅಗ್ಗದ ಕಾಂಬೋಗಳಲ್ಲಿ ಇರುವುದು ಎಷ್ಟೋ ಸಲ ಆ ವಿಆರ್ ಇಲ್ಲದ್ದೇ. ನಿನ್ನ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ಚಿಕ್ಕದು, ಆದ್ದರಿಂದ 300 ಎಂಎಂ ಅನ್ನುವುದು 450 ಎಂಎಂನಷ್ಟು ಹತ್ತಿರ ತೋರಿಸುತ್ತದೆ. ಹಕ್ಕಿ ಎಷ್ಟು ದೊಡ್ಡದಾಗಿ ಕಾಣುತ್ತದೋ ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಮಾಗಡಿಯ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ನೀರಲ್ಲೇ ಕುಳಿತು ಹೊತ್ತು ಮುಳುಗುವಾಗ ಹೊಲಗಳಿಗೆ ಮೇಯಲು ಏಳುತ್ತವೆ ಅಲ್ವಾ? ಆ ಮಬ್ಬು ಬೆಳಕಿನಲ್ಲಿ ನೀರ ಮೇಲೆ ಕೂತ ಹಕ್ಕಿಗೆ ವಿಆರ್ ಬೇಕೇ ಬೇಕು. ಹಾರುವ ಹಕ್ಕಿಯ ಲೆಕ್ಕ ಬೇರೆ. ಅಲ್ಲಿ ಶಟರ್ ವೇಗವೇ ಮುಖ್ಯ, 1/1600 ಸೆಕೆಂಡಿನ ಆಸುಪಾಸು ಇಟ್ಟುಕೋ.

ಇನ್ನು ಜೊತೆಗೆ ಬರುವ ಸಾಮಾನು. ಕಾಂಬೋ ಟ್ರೈಪಾಡು ಮೊಬೈಲಿಗೆ ಸರಿ. 70-300 ಹಾಕಿದ ಕ್ಯಾಮೆರಾ ಇಟ್ಟರೆ ತಲೆ ಮುಂದಕ್ಕೆ ಬಾಗಿ ನಿಲ್ಲುತ್ತದೆ, ಗಾಳಿ ಬೀಸಿದರೆ ಕಾಲು ನಡುಗುತ್ತದೆ. ಕಾರ್ಡು ನಿಧಾನದ್ದು. ಫಿಲ್ಟರ್ ಸಾದಾ ಗಾಜು. ಇವಕ್ಕೆಲ್ಲ ನೀನು ರೊಕ್ಕ ಕೊಡುತ್ತಿದ್ದೀಯಾ, ಸುಮ್ನೆ ಬರುತ್ತಿಲ್ಲ.

ನಿನ್ನ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ವಿಆರ್ ಇರುವ 70-300 ಅಂತ ಗಟ್ಟಿ ಮಾಡುತ್ತಿದ್ದೆ. ಉಳಿದ ರೊಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಡಿ5600 ಹುಡುಕುತ್ತಿದ್ದೆ. ಅದರಲ್ಲಿ 39 ಫೋಕಸ್ ಪಾಯಿಂಟ್ (ಕ್ಯಾಮೆರಾ ತಾನೇ ಫೋಕಸ್ ಹಿಡಿಯಬಲ್ಲ ಜಾಗಗಳು) ಇವೆ, ಸೆಕೆಂಡಿಗೆ 5 ಫೋಟೊ ಬರುತ್ತವೆ. ಡಿ3500ರಲ್ಲೂ ಸೆಕೆಂಡಿಗೆ 5, ಆದರೆ ಪಾಯಿಂಟ್ 11 ಮಾತ್ರ. ಗುಂಪಾಗಿ ಏಳುವ ಹಕ್ಕಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೂ ಅಗ್ಗ ಅಂತ ಡಿ3100, ಡಿ5100 ಕಡೆ ಹೋಗಬೇಡ. ಆ ಬಾಡಿಗಳಿಗೆ ಎಎಫ್-ಪಿ ಲೆನ್ಸ್ ಹಾಕಿದರೆ ಫೋಕಸ್ ಆಗುವುದೇ ಇಲ್ಲ. ಕೈಯಿಂದ ರಿಂಗ್ ತಿರುಗಿಸಿದರೂ ಆಗುವುದಿಲ್ಲ, ಯಾಕಂದರೆ ಆ ರಿಂಗ್ ಕೂಡ ಒಳಗಿನ ಮೋಟಾರಿಗೆ ಸೂಚನೆ ಕೊಡುತ್ತದೆ ಅಷ್ಟೆ.

ಹಳೆಯದನ್ನು ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡು. ಬಿಳಿ ನೂಲಿನ ಎಳೆಗಳು ಕವಲೊಡೆದಂತೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನು.

ಪ್ರಶ್ನೆ: ನಾನು ಶಿಕ್ಷಕಿ. ರಜೆಯಲ್ಲಿ ಲಕ್ಕುಂಡಿ, ಗದುಗಿನ ತ್ರಿಕೂಟೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗಳ ಕೆತ್ತನೆಯನ್ನು ದಾಖಲು ಮಾಡುತ್ತಿದ್ದೇನೆ. ನಿಕಾನ್ ಡಿ3500, 18-55 ಲೆನ್ಸ್ ಇದೆ. ಒಳಗೆ ಕತ್ತಲು, ಚಿತ್ರ ಅಲುಗುತ್ತದೆ. ಫ್ಲ್ಯಾಶ್ ಕೊಳ್ಳಲೇ? ಆನ್‌ಲೈನ್‌ನಲ್ಲಿ 50 ಎಂಎಂ ಲೆನ್ಸ್ ಎರಡು ರೇಟಿನಲ್ಲಿ ಇದೆ, ಯಾವುದು? — ಒಬ್ಬ ಓದುಗರು, ಧಾರವಾಡ

ಉತ್ತರ: ಅಕ್ಕಾವ್ರೇ, ನೀವು ಮಾಡುತ್ತಿರುವ ಕೆಲಸ ದೊಡ್ಡದು. ಫ್ಲ್ಯಾಶ್ ಮಾತ್ರ ಕೊಳ್ಳಬೇಡಿ. ಕೆತ್ತನೆ ಕಾಣುವುದೇ ನೆರಳಿನಿಂದ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ನೆರಳೆಲ್ಲ ಅಳಿಸಿ ಕಲ್ಲು ಚಪ್ಪಟೆಯಾಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ ನೆನಪಿಸಿಕೊಳ್ಳಿ. ಒಂದರ ಒಳಗೊಂದು ಪಟ್ಟಿಕೆ, ಒಂದೊಂದು ಪಟ್ಟಿಕೆಯಲ್ಲೂ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೆರಳಿನ ಉಗುರಿನಷ್ಟು ಕೆಲಸ. ಬಳಪದ ಕಲ್ಲಾದ್ದರಿಂದ ಅಷ್ಟು ಸಣ್ಣದಾಗಿ ಕಡೆಯಲು ಆಗಿದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ ಆ ಸುರುಳಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಯಾವ ಫ್ಲ್ಯಾಶೂ ಅದನ್ನು ಕೊಡುವುದಿಲ್ಲ.

ನಿಮಗೆ ಬೇಕಿರುವುದು ಜಾಸ್ತಿ ಬೆಳಕು ಒಳಗೆ ಬಿಡುವ ಲೆನ್ಸ್. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟು ಬೆಳಕು ಜಾಸ್ತಿ. 50 ಎಂಎಂ ಎಫ್/1.8ರಲ್ಲಿ ಕಡಿಮೆ ರೇಟಿನದ್ದು ಎಎಫ್ 1.8ಡಿ, ಹೆಚ್ಚಿನದ್ದು ಎಎಫ್-ಎಸ್ 1.8ಜಿ. ಡಿ ಲೆನ್ಸಿನ ಒಳಗೆ ಫೋಕಸ್ ಮೋಟಾರ್ ಇಲ್ಲ, ಬಾಡಿಯಲ್ಲಿ ಮೋಟಾರ್ ಇರಬೇಕು. ನಿಮ್ಮ ಡಿ3500ರಲ್ಲಿ ಅದಿಲ್ಲ. ಅಂದರೆ ಆ ಲೆನ್ಸಿಗೆ ಪ್ರತಿ ಸಲ ಕೈಯಿಂದಲೇ ಫೋಕಸ್ ಮಾಡಬೇಕು. ಆನ್‌ಲೈನ್ ಪುಟದಲ್ಲಿ "ನಿಕಾನ್ ಕ್ಯಾಮೆರಾಗಳಿಗೆ ಹೊಂದುತ್ತದೆ" ಅಂತ ಬರೆದಿರುತ್ತಾರೆ. ಹೊಂದುತ್ತದೆ ನಿಜ, ಆಟೊಫೋಕಸ್ ಮಾತ್ರ ಆಗುವುದಿಲ್ಲ.

ನನ್ನ ಸಲಹೆ ಕೇಳಿದರೆ 50 ಕೂಡ ಬೇಡ. ನಿಮ್ಮ ಸೆನ್ಸರಿನಲ್ಲಿ ಅದು 75 ಎಂಎಂ ಆಗುತ್ತದೆ. ನವರಂಗದಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತರೂ ಎದುರಿನ ಕಂಬ ಪೂರ್ತಿ ಬರುವುದಿಲ್ಲ. ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ತಗೊಳ್ಳಿ. ಕಂಬವೂ ಬರುತ್ತದೆ, ಹತ್ತಿರ ಹೋದರೆ ಕೆತ್ತನೆಯೂ ಬರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಇಡಲು ಹೆದರಬೇಡಿ, ಸ್ವಲ್ಪ ಕಾಳು ಕಾಳಾಗಿ ಬಂದರೂ ಅಲುಗಿದ ಚಿತ್ರಕ್ಕಿಂತ ಎಷ್ಟೋ ಮೇಲು. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಮೇಲೆ ಕತ್ತಲ ಭಾಗವನ್ನು ಎತ್ತಿಕೊಳ್ಳಬಹುದು. ಟ್ರೈಪಾಡಿಗೆ ಈಗಲೇ ಖರ್ಚು ಮಾಡಬೇಡಿ. ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಅದನ್ನು ಊರಲು ಮುಂಚೆಯೇ ಅನುಮತಿ ಪಡೆಯಬೇಕು.

ಪ್ರಶ್ನೆ: ಕ್ಯಾನನ್ 200ಡಿ ಮಾರ್ಕ್ 2 ಇಟ್ಟುಕೊಂಡು ಮದುವೆ ಆರ್ಡರ್ ಶುರು ಮಾಡಿದ್ದೇನೆ. ಆನ್‌ಲೈನ್‌ನಲ್ಲಿ ಒಂದು ಸಾದಾ ಫ್ಲ್ಯಾಶ್ ತರಿಸಿದೆ. ಫ್ಲ್ಯಾಶ್ ಒತ್ತಿದರೆ ಮಿಂಚುತ್ತದೆ, ಕ್ಯಾಮೆರಾಗೆ ಹಾಕಿದರೆ ಮಿಂಚುವುದಿಲ್ಲ. ಬದಲಿಸಿ ಕಳಿಸಿದರು, ಅದೂ ಹಾಗೇ. ಕ್ಯಾಮೆರಾ ಕೆಟ್ಟಿದೆಯಾ ಅಣ್ಣಾ? — ಹಾವೇರಿಯಿಂದ

ಉತ್ತರ: ಎರಡೂ ಸರಿ ಇವೆ. ಕ್ಯಾಮೆರಾದ ಮೇಲಿನ ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ) ಬೆಳಕಿಗೆ ಹಿಡಿದು ನೋಡಿ. ಬೇರೆ ಕ್ಯಾನನ್‌ಗಳಲ್ಲಿ ನಡುವೆ ಒಂದು ದಪ್ಪ ಪಿನ್ ಇರುತ್ತದೆ, ಅದರ ಹಿಂದೆ ನಾಲ್ಕು ಸಣ್ಣವು. ನಿಮ್ಮದರಲ್ಲಿ ನಡುವಿನದ್ದು ಇಲ್ಲ. ಕಂಪನಿಯೇ ತೆಗೆದು ಹಾಕಿದೆ. ಸಾದಾ ಮ್ಯಾನುಯಲ್ ಫ್ಲ್ಯಾಶ್‌ಗೆ "ಈಗ ಮಿಂಚು" ಅನ್ನುವ ಸೂಚನೆ ಹೋಗುವುದೇ ಆ ನಡು ಪಿನ್ನಿನಿಂದ. 1500ಡಿ ಮತ್ತು 3000ಡಿಯಲ್ಲೂ ಇದೇ ಕತೆ. ನಿಮಗೆ ಕ್ಯಾನನ್ ಇ-ಟಿಟಿಎಲ್‌ಗೆ (ಫ್ಲ್ಯಾಶ್ ಬೆಳಕನ್ನು ಕ್ಯಾಮೆರಾವೇ ಅಳೆದು ಹೊಂದಿಸುವ ವ್ಯವಸ್ಥೆ) ಹೊಂದುವ, ನಿಮ್ಮ ಮಾಡೆಲ್ ಹೆಸರನ್ನೇ ಪಟ್ಟಿಯಲ್ಲಿ ಬರೆದಿರುವ ಫ್ಲ್ಯಾಶ್ ಬೇಕು. ರಿಮೋಟ್ ಟ್ರಿಗರ್ ಕೊಳ್ಳುವಾಗಲೂ ಇದನ್ನೇ ನೋಡಿ.

ಇನ್ನೊಂದು ಮಾತು. ಮದುವೆಗೆ ಎಲ್‌ಪಿ-ಇ17 ಬ್ಯಾಟರಿ ಇನ್ನೂ ಎರಡು ಇಟ್ಟುಕೊಳ್ಳಿ, ಕಂಪನಿಯದ್ದೇ ಆಗಿರಲಿ. ಅಗ್ಗದ ಬ್ಯಾಟರಿ ಉಬ್ಬಿಕೊಂಡರೆ ಖಾನೆಯಿಂದ ಹೊರಗೇ ಬರುವುದಿಲ್ಲ. ಅಕ್ಷತೆ ಹೊತ್ತಿಗೆ ಹಾಗಾದರೆ ಮನೆಯವರಿಗೆ ಏನು ಉತ್ತರ ಹೇಳುತ್ತೀರಿ?

ಪ್ರಶ್ನೆ: ಒಂದೇ ಕ್ಯಾಮೆರಾ, ಒಬ್ಬ ಸೆಲ್ಲರ್ ಬಳಿ ಉಳಿದವರಿಗಿಂತ 8 ಸಾವಿರ ಕಡಿಮೆ. "ಸೆಲ್ಲರ್ ವಾರಂಟಿ" ಅಂತ ಇದೆ. ನಂಬಬಹುದಾ? ಪಾರ್ಸಲ್ ಬಂದ ಮೇಲೆ ಏನೇನು ನೋಡಬೇಕು? — ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. ಸೆಲ್ಲರ್ ವಾರಂಟಿ ಅಂದರೆ ಕಂಪನಿ ವಾರಂಟಿ ಇಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಅಂಥವು ಹೆಚ್ಚಾಗಿ ಬೇರೆ ದೇಶದ ಮಾರುಕಟ್ಟೆಗೆ ಹೋಗಬೇಕಿದ್ದ, ಅಡ್ಡದಾರಿಯಲ್ಲಿ ಬಂದ ಮಾಲು. ಕೆಟ್ಟರೆ ಇಲ್ಲಿನ ಸರ್ವೀಸ್ ಸೆಂಟರ್ ವಾರಂಟಿಯಲ್ಲಿ ಮುಟ್ಟುವುದಿಲ್ಲ. ಜಾಲತಾಣದ ಹೆಸರು ದೊಡ್ಡದಿದ್ದರೆ ಸಾಲದು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಸೆಲ್ಲರ್ ಹೆಸರು ನೋಡಬೇಕು. ಕಂಪನಿಯ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿ ಆ ಹೆಸರು ಇದೆಯಾ ಅಂತ ಹುಡುಕಿ.

ಪಾರ್ಸಲ್ ಬಂದಾಗ ಮನೆಯವರೊಬ್ಬರ ಕೈಗೆ ಮೊಬೈಲ್ ಕೊಟ್ಟು ವಿಡಿಯೊ ಮಾಡಿಸಿ. ಹೊರಗಿನ ವಿಳಾಸದ ಚೀಟಿಯಿಂದ ಶುರುವಾಗಿ ಕ್ಯಾಮೆರಾ ಹೊರಬರುವ ತನಕ ನಡುವೆ ಎಲ್ಲೂ ನಿಲ್ಲಿಸಬಾರದು. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಇರಲೇಬೇಕು. ಪೆಟ್ಟಿಗೆಯ ಸೀರಿಯಲ್ ನಂಬರ್, ಕ್ಯಾಮೆರಾದ ತಳದ ನಂಬರ್, ವಾರಂಟಿ ಕಾರ್ಡಿನ ನಂಬರ್ ಮೂರೂ ಒಂದೇ ಇರಬೇಕು. ಜಿಎಸ್‌ಟಿ ಬಿಲ್ಲಿನಲ್ಲೂ ಅದೇ ನಂಬರ್ ಹಾಕಿಸಿಕೊಂಡರೆ ಇನ್ನೂ ಚಲೋ.

ಆಮೇಲೆ ಬಾಡಿಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಹಾಟ್ ಶೂ ಎರಡೂ ಹಳಿಗಳ ಕಪ್ಪು ಬಣ್ಣ ನೋಡಿ. ಎಲ್ಲಾದರೂ ಸವೆದು ಬೆಳ್ಳಿ ಗೆರೆ ಮಿನುಗಿದರೆ ಅದರಲ್ಲಿ ಯಾರೋ ಫ್ಲ್ಯಾಶ್ ಹಾಕಿ ತೆಗೆದಿದ್ದಾರೆ. ಲೆನ್ಸ್ ಕೂರುವ ಲೋಹದ ಬಳೆಯ ಮೇಲೆ ವೃತ್ತಾಕಾರದ ಗೀರು, ತಳದ ಸ್ಕ್ರೂ ತಲೆಗಳಲ್ಲಿ ಮೊಂಡಾದ ಅಂಚು ಕಂಡರೂ ಅನುಮಾನ ಪಡಿ. ಇತ್ತೀಚೆಗೆ ಒಬ್ಬರು "ಹೊಚ್ಚ ಹೊಸದು" ಅಂತ ನನ್ನ ಬಳಿ ತಂದ ಬಾಡಿಯಲ್ಲಿ ಈ ಮೂರೂ ಇದ್ದವು. ಅಪ್ಪ ಕೂಡಿಟ್ಟ ರೊಕ್ಕದಲ್ಲಿ ಮಗಳಿಗೆ ಕೊಡಿಸಿದ್ದು. ನನಗೆ ಬಹಳ ಸಂಕಟವಾಯಿತು. ನಿಕಾನ್ ಆದರೆ ಒಂದು ಫೋಟೊ ತೆಗೆದು ಅದರ ಎಕ್ಸಿಫ್ ಮಾಹಿತಿಯಲ್ಲಿ (ಫೋಟೊ ಫೈಲಿನೊಳಗೆ ಅಡಗಿರುವ ವಿವರ) ಶಟರ್ ಎಣಿಕೆ, ಅಂದರೆ ಈವರೆಗೆ ಎಷ್ಟು ಫೋಟೊ ತೆಗೆದಿದೆ ಅಂತ, ಓದಬಹುದು. ಹೊಸದರಲ್ಲಿ ಅದು ತೀರಾ ಸಣ್ಣ ಸಂಖ್ಯೆ ಇರಬೇಕು.

ಮೋಸ ಆಗಿದ್ದರೆ ಸುಮ್ಮನಿರಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಸೆಲ್ಲರ್ ದಿಲ್ಲಿಯಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಹಕ್ಕು ಕೊಟ್ಟಿದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆ ವಿಡಿಯೊ ಮತ್ತು ಬಿಲ್ಲು ಆಗ ನಿಮ್ಮ ಕೈ ಹಿಡಿಯುತ್ತವೆ.

ಪ್ರಶ್ನೆ: 64 ಜಿಬಿ ಕಾರ್ಡ್ ಕೊಳ್ಳಬೇಕು. ಯು1, ಯು3, ವಿ30 ಅಂತೆಲ್ಲ ಇದೆ. ಯಾವುದು? — ಗದಗದಿಂದ

ಉತ್ತರ: ಯು3 ಅಥವಾ ವಿ30 ಗುರುತಿರುವುದು ಸಾಕು. ಎರಡರ ಅರ್ಥವೂ ಒಂದೇ, ಬರೆಯುವ ವೇಗ ಸೆಕೆಂಡಿಗೆ ಕನಿಷ್ಠ 30 ಎಂಬಿ. ಮೇಲೆ ದೊಡ್ಡದಾಗಿ ಬರೆದ ವೇಗ ಓದುವ ವೇಗ, ಅದಕ್ಕೆ ಮರುಳಾಗಬೇಡಿ. ಹಿಂದೆ ಎರಡು ಸಾಲು ಪಿನ್ ಇರುವ ಯುಎಚ್‌ಎಸ್-2 ಕಾರ್ಡು ದುಬಾರಿ, ಶುರುವಿನ ಮಟ್ಟದ ಡಿಎಸ್‌ಎಲ್‌ಆರ್‌ಗಳಲ್ಲಿ ಅದರ ಪೂರ್ತಿ ವೇಗ ಸಿಗುವುದಿಲ್ಲ. ನಕಲಿ ಕಾರ್ಡು ಬಹಳ ಇವೆ. ಬಂದ ದಿನವೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಹಾಕಿ ಕಾರ್ಡು ಪೂರ್ತಿ ತುಂಬಿಸಿ ನೋಡಿ. 64 ಅಂತ ಹೇಳಿ ಒಳಗೆ 8 ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಫೋಟೊ ತೆಗೆದು ಬಂದೆ. ಈಗ ಎಲ್ಲಾ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ. ಆನ್‌ಲೈನ್‌ನಲ್ಲಿ ಕ್ಲೀನಿಂಗ್ ಕಿಟ್ ತರಿಸಲಾ? — ರಾಣೆಬೆನ್ನೂರಿನಿಂದ

ಉತ್ತರ: ಅಲ್ಲೇ ನಿಂತು ಲೆನ್ಸ್ ಬದಲಿಸಿದಿರಿ ಅಂತ ಕಾಣುತ್ತದೆ. ಆ ಧೂಳು ಸೆನ್ಸರ್ ಮೇಲೆ ಕೂತಿದೆ. ಕಿಟ್ ಬೇಡ, ರಬ್ಬರ್ ಬ್ಲೋವರ್ ಒಂದೇ ತರಿಸಿ. ಬ್ಯಾಟರಿ ತುಂಬಿಸಿಕೊಂಡು ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್‌ಗಾಗಿ ಕನ್ನಡಿ ಮೇಲೆತ್ತುವ ಆಯ್ಕೆ ಒತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ಬ್ಲೋವರಿನ ತುದಿ ಒಳಗೆ ತಾಗದಂತೆ ಗಾಳಿ ಬಿಡಿ. ಬಾಯಿಂದ ಊದಬೇಡಿ, ಎಂಜಲು ಹನಿ ಬಿದ್ದರೆ ಕಲೆ ಕೂರುತ್ತದೆ. ಕಿಟ್ಟಿನ ಬಟ್ಟೆಯಿಂದಂತೂ ಒರೆಸಲೇಬೇಡಿ, ಗೀರು ಬೀಳುತ್ತದೆ. ಗಾಳಿಗೂ ಹೋಗದಿದ್ದರೆ ಸರ್ವೀಸ್‌ನವರ ಹತ್ತಿರ ಕೊಡಿ. ಮುಂದಿನ ಸಲ ಮಾರುಕಟ್ಟೆಗೆ ಹೊರಡುವ ಮುಂಚೆ ಮನೆಯಲ್ಲೇ 18-55 ಹಾಕಿಕೊಳ್ಳಿ, ಮೇಲೊಂದು ಯುವಿ ಫಿಲ್ಟರ್ ಇರಲಿ. ಫಿಲ್ಟರ್ ಅಳತೆ ಲೆನ್ಸಿನ ಮುಂದೆಯೇ ಬರೆದಿರುತ್ತದೆ. ಕ್ಯಾನನ್ 18-55 ಆದರೆ ಸಾಮಾನ್ಯವಾಗಿ 58 ಎಂಎಂ, ನಿಕಾನ್ ಎಎಫ್-ಪಿ 18-55 ಆದರೆ 55 ಎಂಎಂ. ನೋಡಿಕೊಂಡೇ ಆರ್ಡರ್ ಮಾಡಿ.