ಜೇಬಿಗೆ ಒಂದೇ ಚಾಕು ಅಂದರೆ ಯಾವುದು?

ನೀವು ಯಾದಗಿರಿಯವರು, ವಾರವೆಲ್ಲ ಆಫೀಸು, ಭಾನುವಾರ ಹೊಲ, ಆಗಾಗ ಬೈಕಿನಲ್ಲಿ ಕಾಡು, ಕೋಟೆ ಅಂತ ಸುತ್ತಾಟ. ಪಕ್ಕಡ್ ಜೊತೆ ಹಲವು ಸಾಮಾನು ಮಡಚಿಟ್ಟ ಲೆದರ್‌ಮನ್ ತಗೊಳ್ಳಲಾ, ಸ್ವಿಸ್ ಚಾಕು ಸಾಕಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು, ಎರಡೂ ಇಟ್ಟುಕೊಂಡಿದ್ದೇನೆ. ನಿಮಗೆ ನಾನು ಹೇಳುವುದು ಸ್ವಿಸ್ ಚಾಕುವೇ, ವಿಕ್ಟೋರಿನಾಕ್ಸ್ ಕಂಪನಿಯ ಕ್ಲೈಂಬರ್, ಮಡಚಿದಾಗ 91 ಮಿ.ಮೀ. ಉದ್ದದ್ದು.

ಮೊದಲ ಕಾರಣ ತೂಕ. ಕ್ಲೈಂಬರ್ 80 ಗ್ರಾಂ ಆಸುಪಾಸು, ಲೆದರ್‌ಮನ್ ವೇವ್ 240 ಗ್ರಾಂ ಹತ್ತಿರ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ತೆಳು ಪ್ಯಾಂಟ್ ಹಾಕಿಕೊಂಡು ಅಷ್ಟು ಭಾರ ಜೇಬಿಗೆ ಹಾಕಿದರೆ ನಡೆದಷ್ಟೂ ತೊಡೆಗೆ ಬಡಿಯುತ್ತಾ ಇರುತ್ತದೆ, ನಾನಂತೂ ಒಂದೇ ವಾರಕ್ಕೆ ಮನೆಯಲ್ಲಿ ಬಿಟ್ಟು ಹೋಗೋಕೆ ಶುರು ಮಾಡಿದೆ. ಈಗ ಆ ವೇವ್ ಬೈಕಿನ ಸೀಟಿನ ಕೆಳಗಿದೆ. ಕ್ಲಚ್ ಕೇಬಲ್ ಎಳೆಯುವಾಗ, ನಟ್ಟು ಹಿಡಿಯುವಾಗ ಪಕ್ಕಡ್ ಬೇಕೇ ಬೇಕು, ಆದರೆ ಅಂಥ ಕೆಲಸ ಬರುವುದು ಬೈಕಿನ ಪಕ್ಕದಲ್ಲೇ ಅಲ್ವಾ?

ಕ್ಲೈಂಬರ್‌ನಲ್ಲಿ ದಿನಾ ಕೈಗೆ ಬರುವುದು ಕತ್ತರಿ. ಬೀಜದ ಪಾಕೀಟು, ಔಷಧದ ಪಟ್ಟಿ, ಬಟ್ಟೆಯ ದಾರ, ಎಲ್ಲಕ್ಕೂ ಅದೇ. ಇನ್ನು ಹಿಡಿಕೆಯ ಸಂದಿಯಲ್ಲಿ ಒಂದು ಪುಟ್ಟ ಚಿಮಟ ಇರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಚಿಂಚೋಳಿ ಕಡೆ ಚಂದ್ರಂಪಳ್ಳಿಗೆ ಹೋದಾಗ ಗೆಳೆಯನ ಚಪ್ಪಲಿ ತೂರಿ ಜಾಲಿ ಮುಳ್ಳು ಹಿಮ್ಮಡಿಗೆ ಹೊಕ್ಕಿತು, ಎಳೆದರೆ ತುದಿ ಮುರಿದು ಒಳಗೇ ಉಳಿಯಿತು. ನೀರು ಹಾಕಿ ತೊಳೆದು, ಸುತ್ತಲ ಚರ್ಮ ಒತ್ತಿ ಹಿಡಿದು, ಕಾಣುತ್ತಿದ್ದ ಕಪ್ಪು ಚುಕ್ಕೆಯನ್ನು ಚಿಮಟದಲ್ಲಿ ಹಿಡಿದು ನೇರವಾಗಿ ಎಳೆದೆ. ಅರ್ಧ ಇಂಚು ಮುಳ್ಳು ಬಂತು. ಅವನು ಎದ್ದು ನಡೆದ.

ಬೆನ್ನಿನ ಕಡೆ ದಬ್ಬಣದಂಥದ್ದು ಒಂದಿದೆ. ಅದಕ್ಕೆ ಸೂಜಿಯ ಹಾಗೆ ಕಣ್ಣೂ ಇದೆ. ತೊಗರಿ ರಾಶಿ ಹೊತ್ತಿಗೆ ಚೀಲ ಹರಿದರೆ ದಪ್ಪ ದಾರ ಪೋಣಿಸಿ ಹೊಲಿಯಬಹುದು, ನಾನು ಹೊಲಿದಿದ್ದೇನೆ.

ಗರಗಸವೂ ಬೇಕು ಅಂದರೆ ಅದೇ ಕಂಪನಿಯ ಹಂಟ್ಸ್‌ಮನ್ ನೋಡಿ. ಕ್ಲೈಂಬರ್‌ಗೆ ಗರಗಸ ಸೇರಿಸಿದ ಹಾಗೆ, ಸ್ವಲ್ಪ ದಪ್ಪ, ಅಷ್ಟೇ. ಹೊಲದ ಬದುವಿನ ಒಣ ಕೊಂಬೆಗೆ ಒಳ್ಳೆಯದು. ಚಿಂಚೋಳಿ ಕಾಡು ಅಭಯಾರಣ್ಯ, ಅಲ್ಲಿ ಮಾತ್ರ ಕೊಂಬೆ ಮುಟ್ಟಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕ್ಲೈಂಬರ್ ಅಲಗಿಗೆ, ತೆರೆದ ಮೇಲೆ ಮಡಚದಂತೆ ಹಿಡಿಯುವ ಲಾಕ್ ಇಲ್ಲ, ಸ್ಪ್ರಿಂಗ್ ಮಾತ್ರ ಹಿಡಿದಿರುತ್ತದೆ. ಮೊದಲು ನಾನು ಜಾತ್ರೆಯಲ್ಲಿ ಹದಿನೈದು ಸಾಮಾನು ಇರುವ, ಹೆಸರಿಲ್ಲದ ಅಗ್ಗದ ಚಾಕು ತಂದಿದ್ದೆ. ತೆಂಗಿನಕಾಯಿ ಕಣ್ಣಿಗೆ ಚುಚ್ಚಲು ಹೋದಾಗ ಅಲಗು ಮಡಚಿ ತೋರುಬೆರಳಿಗೆ ಬಿತ್ತು, ಗುರುತು ಇನ್ನೂ ಇದೆ. ಚಾಕು ಎಷ್ಟೇ ಒಳ್ಳೆಯದಿರಲಿ, ಲಾಕ್ ಇಲ್ಲದ್ದರಿಂದ ಕೊಯ್ಯಿರಿ, ಚುಚ್ಚಬೇಡಿ. ಚುಚ್ಚುವ ಕೆಲಸವೇ ಜಾಸ್ತಿ ಅಂದರೆ ಲಾಕ್ ಇರುವ ವೇವ್ ಸರಿ.

ಕ್ಲೈಂಬರ್‌ನ ಉಕ್ಕು ಭಾರಿ ಗಟ್ಟಿಯದಲ್ಲ, ಮೊಂಡಾಗುತ್ತದೆ, ಆದರೆ ಬೇಗ ಹರಿತವೂ ಆಗುತ್ತದೆ. ಪಿಂಗಾಣಿ ಕಪ್ ಬೋರಲು ಹಾಕಿ, ತಳದ ಒರಟು ಅಂಚಿಗೆ ಅಲಗನ್ನು ಎರಡೂ ಕಡೆ ಹತ್ತತ್ತು ಸಲ ಎಳೆದರೆ ಟೊಮೆಟೊ ಸಲೀಸಾಗಿ ಕೊಯ್ಯುತ್ತದೆ. ಧೂಳು ತುಂಬಿ ಬಿಗಿಯಾದರೆ ಬೆಚ್ಚಗಿನ ಸೋಪಿನ ನೀರಲ್ಲಿ ಮುಳುಗಿಸಿ ತೆರೆದು ಮುಚ್ಚಿ, ಒಣಗಿಸಿ, ಸಂದಿಗೆ ಒಂದು ಹನಿ ಎಣ್ಣೆ ಬಿಡಿ.

ನಕಲಿ ಮಾಲು ಬಹಳ ಇದೆ. ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಸ್ಪಷ್ಟವಾಗಿ ಅಚ್ಚಾಗಿದೆಯಾ ನೋಡಿ, ಕತ್ತರಿಯಲ್ಲಿ ತೆಳು ಕಾಗದ ಕತ್ತರಿಸಿ ನೋಡಿ. ವಿಮಾನ ಹತ್ತುವುದಿದ್ದರೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.